ಜ್ವಾಕಿ ಇಟ್ಟ ಯಂತ್ರ

ಗೆಳೆಯರೇ, ಎದುರಿನ ವಾಹನ ಕಣ್ಣಿಗೆ ಬೀಳುವ ಮೊದಲೇ ವೈರ್‌ಲೆಸ್‌ನಲ್ಲಿ ಎಚ್ಚರಿಸುವ ಯಂತ್ರವನ್ನು ನಮ್ಮ ಕಾಲೇಜಿನಲ್ಲಿ ಮಾಡಿದ್ದೇವೆ. ಇಂದು ಅದರ ಪರೀಕ್ಷೆ. ಒಂದು ಯಂತ್ರ ನಾನು ಕೂತ ಆಟೋದಲ್ಲಿ, ಇನ್ನೊಂದು ಕಮಲಾಪುರದಿಂದ ಕೆಂಪು ಬಾಳೆಹಣ್ಣು ತರುವ ಬಶೀರ್ ಚಾಚಾರ ಟೆಂಪೋದಲ್ಲಿ.

ಶಹಾಬಜಾರದ ಇಕ್ಕಟ್ಟಿನ ತಿರುವು. ನನ್ನ ಯಂತ್ರದ ಪರದೆ ಖಾಲಿ. "ಯಾರೂ ಇಲ್ಲ, ಗಾಡಿ ಬಿಡ್ರಿ ಅಣ್ಣಾ" ಎಂದೆ ಆಟೋದವರಿಗೆ.

ಚಾಚಾರ ಟೆಂಪೋ ಮೂತಿ ಎದುರಿಗೇ ಬಂತು! ಎರಡೂ ಬ್ರೇಕು ಕಿರುಚಿದವು. ನಡುವೆ ಉಳಿದದ್ದು ಒಂದೇ ಗೇಣು.

"ಚಾಚಾ, ಯಂತ್ರ ಎಲ್ಲಿ ಅದ್ರಿ?" ಎಂದು ಕೂಗಿದೆ.

ಅವರು ಕಬ್ಬಿಣದ ಟ್ರಂಕಿನ ಬೀಗ ತೆಗೆದು, ಟವೆಲ್‌ನಲ್ಲಿ ಸುತ್ತಿದ್ದ ಯಂತ್ರ ತೋರಿಸಿದರು. "ಕಿಮ್ಮತ್ತಿಂದು ಅಂತ ನೀವೇ ಹೇಳಿದ್ರಲ್ರಿ ಮೇಡಂ. ಏನೂ ಆಗದಂಗ ಜ್ವಾಕಿ ಇಟ್ಟೀನಿ."

ಕಬ್ಬಿಣದೊಳಗಿಂದ ಸಿಗ್ನಲ್ ಹೊರಬರುವುದುಂಟೆ? ಆದರೆ ಚಾಚಾ ಮಾತಿಗೆ ತಪ್ಪಿಲ್ಲ. ನಾವೆಲ್ಲ ಗುದ್ದಿಕೊಂಡು ಸತ್ತಿದ್ದರೂ ಯಂತ್ರಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ.