ತಲೆಯಾಡಿಸಿ ಕೆಡಿಸಿದ ಹಾಡು

ಸಂಗೀತಕ್ಕೆ ದೇಶ-ಭಾಷೆಗಳ ಗಡಿಯಿಲ್ಲವೆಂದು ತಿಳಿದವರೆಲ್ಲ ಹೇಳಿದ್ದಾರೆ. ಸಂಗೀತಕ್ಕೆ ಇಲ್ಲದಿರಬಹುದು, ಕೇಳುವವನ ಕುತ್ತಿಗೆಗೆ ಇದೆ. ಇದು ನನಗೆ ಗೊತ್ತಾದದ್ದು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ, ಜರ್ಮನಿಯವರು ಕಂಪ್ಯೂಟರಿನ ಮಂದಿಗೆ ಐದು ವರ್ಷದ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ಕಾಲದಲ್ಲಿ.

ನಮ್ಮ ಮೇಲಿನ ಮನೆಯಲ್ಲಿ ಅಮೆರಿಕದ ಹಿರಿಯರೊಬ್ಬರಿದ್ದರು. ಸೈನ್ಯದ ಬ್ಯಾಂಡಿನಲ್ಲಿ ಪಿಯಾನೊ ನುಡಿಸಲು ಬಂದವರು, ಇಲ್ಲಿಯವರನ್ನೇ ಮದುವೆಯಾಗಿ ಉಳಿದುಬಿಟ್ಟಿದ್ದರು. ಕಸುಬು, ಜಾಝ್ ಹಾಡು ಕಟ್ಟುವುದು. ಹಾಡಿ ಹೆಸರು ಮಾಡಿದವರು ಬೇರೆಯವರು. ಇವರ ಹೆಸರು ರೆಕಾರ್ಡಿನ ಮೇಲೆ ಇರುವೆಯಷ್ಟು ಅಕ್ಷರದಲ್ಲಿ, ಅದೂ ಕಂಸದೊಳಗೆ. ಹೆಂಡತಿ ತೀರಿಕೊಂಡ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ಈಗ ಹಳೆಯ ಪರಿಚಯದ ಗಾಯಕಿಯೊಬ್ಬರು ಹೊಸ ರೆಕಾರ್ಡಿಗೆ ಒಂದು ಹಾಡು ಕೇಳಿದ್ದರು. ತಿಂಗಳೊಳಗೆ ಕೊಡಬೇಕು, ಇಲ್ಲವಾದರೆ ಬೇರೆಯವರದನ್ನು ಹಾಡುತ್ತಾರೆ.

ಧಾರವಾಡದವನು, ಸಂಗೀತ ಕೇಳಿಯೇ ಬೆಳೆದವನು ಎಂದು ಜಂಬ ಕೊಚ್ಚಿಕೊಂಡಿದ್ದೆನಾದ್ದರಿಂದ ಪರೀಕ್ಷಕನ ಪೀಠ ನನಗೆ ಬಂತು. ಮಧ್ಯಾಹ್ನ ಒಂದರಿಂದ ಮೂರು ರೂಹೆತ್ಸೈಟ್. ಕಟ್ಟಡದಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಪ್ರತಿ ಶನಿವಾರ ಮೂರು ಹೊಡೆಯುತ್ತಲೇ ನಾನೂ ನನ್ನ ಹೆಂಡತಿಯೂ ಮೇಲೆ ಹೋಗಿ ಕೂರುತ್ತಿದ್ದೆವು.

ಮೊದಲ ಶನಿವಾರ ಹಾಡಿನ ನಡುವಿನ ಒಂದು ತಿರುವು ಕೇಳಿ ಕರಗಿಹೋದೆ. ಊರಿನ ಬೈಠಕ್‌ಗಳಲ್ಲಿ ಕಲಿತಂತೆ ಕಣ್ಣು ಮುಚ್ಚಿ, ತಲೆಯನ್ನು ಅಡ್ಡಡ್ಡ ಆಡಿಸಿ, "ಚ್ಚ್ ಚ್ಚ್ ಚ್ಚ್" ಎಂದೆ. ನಮ್ಮಲ್ಲಿ ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ. ಮುಂದಿನ ಶನಿವಾರ ಆ ತಿರುವೇ ಇರಲಿಲ್ಲ. ಬದಲಿಗೆ ಬಂದದ್ದು ಅಷ್ಟಕ್ಕಷ್ಟೆ. ಹಿರಿಯರ ಮನಸ್ಸು ನೋಯಬಾರದೆಂದು ಅದಕ್ಕೂ ಧಾರಾಳವಾಗಿ ತಲೆಯಾಡಿಸಿದೆ. ಮೂರನೆಯ ವಾರ ಅದೂ ಮಾಯ.

ಮೆಟ್ಟಿಲಿಳಿಯುವಾಗ ಹೆಂಡತಿ ಕೇಳಿದಳು: "ಅಲ್ರೀ, ಪಾಪ, ಅವರೇನು ಮಾಡ್ಯಾರ ನಿಮಗ? ಸತ್ತವರ ಮನಿಗೆ ಮಾತಾಡ್ಸಲಿಕ್ಕೆ ಹೋದವರಂಗ ಲೊಚ್ ಲೊಚ್ ಅನಕೋತ ಕೂಡ್ತೀರಿ. ನೀವು ಲೊಚಗುಟ್ಟಿದ್ದನ್ನೆಲ್ಲಾ ಅವರು ಪೆನ್ಸಿಲ್ ತಗೊಂಡು ಹೊಡದು ಹಾಕ್ತಾರ. ನೋಡಿಲ್ಲೇನು?"

ನೋಡಿರಲಿಲ್ಲ. ಕಣ್ಣು ಮುಚ್ಚಿದ್ದೆ.

ಹಾಗೇ ಮೇಲಕ್ಕೆ ಹತ್ತಿ, ನಮ್ಮ ಕಡೆ ಅದು ಮೆಚ್ಚುಗೆಯೆಂದು ಹೇಳಿ ತಪ್ಪೊಪ್ಪಿಕೊಂಡೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಹಾಗಾದರೆ ಮೊದಲನೆಯದು ಚೆನ್ನಾಗಿತ್ತೆ?"

"ಅದೇ ಹಾಡು. ಉಳಿದದ್ದೆಲ್ಲ ಅದಕ್ಕೆ ಜೊತೆ."

"ಅದು ರದ್ದಿ ಕಾಗದದ ಡಬ್ಬಿಗೆ ಹೋಯಿತು. ಡಬ್ಬಿಯೂ ಖಾಲಿಯಾಯಿತು. ಅದಾದ ಮೇಲೆ ಇನ್ನೆರಡು ಬರೆದಿದ್ದೇನೆ. ಈಗ ನೆನಪಿಗೆ ಬರುತ್ತಿಲ್ಲ."

ನನಗೆ ನೆನಪಿತ್ತು. ಎರಡು ವಾರ ಎಸ್-ಬಾನ್ ರೈಲಿನಲ್ಲಿ ಅದನ್ನೇ ಗುನುಗಿದ್ದೆ. ಪಿಯಾನೊ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು ಹಾಡಿದೆ. ಬರೆದುಕೊಳ್ಳುತ್ತಿದ್ದವರು ಒಮ್ಮೆ ಕೈ ಎತ್ತಿದರು.

"ಈ ಜಾರುವುದು ನನ್ನದಲ್ಲ."

"ಅದು ಮೀಂಡ್. ಒಂದು ಸ್ವರದಿಂದ ಇನ್ನೊಂದಕ್ಕೆ ಹಾಗೆ ಜಾರಬೇಕು. ನಾನೇ ಸೇರಿಸಿದೆ."

ಅವರು ತಲೆಯನ್ನು ಅಡ್ಡಡ್ಡ ಆಡಿಸಿ ಲೊಚಗುಟ್ಟಿದರು. ನನಗೆ ಬಹಳ ಸಂತೋಷವಾಯಿತು. ಆಮೇಲೆ ಬಗ್ಗಿ ನೋಡಿದರೆ ಮೀಂಡನ್ನು ಹೊಡೆದುಹಾಕಿದ್ದರು.

ಗುರುವಾರ ಹಾಡು ಅಂಚೆಗೆ ಹೋಯಿತು. ಗಾಯಕಿ ಅದನ್ನು ಹಾಡಿದರು, ರೆಕಾರ್ಡಿನಲ್ಲಿ ನಾಲ್ಕನೆಯದು.