ಸೂಜಿಯಕ್ಕನ ಸುಳ್ಳಿಲ್ಲದ ಪುಸ್ತಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಆರು ಮಂಚ, ಆರು ಪರದೆ, ಗೋಡೆಯಾಚೆ ಯಂತ್ರಗಳ ಗುಡುಗುಡು. ಎಲ್ಲರೂ ಸೂಜಿಯಕ್ಕ ಎಂದೇ ಕರೆಯುವ ಹೆಂಗಸು ಲಾರಿ ಚಾಲಕನೊಬ್ಬನ ಸೊಂಟದಿಂದ ಕೂದಲೆಳೆಯಷ್ಟು ತೆಳ್ಳಗಿನ ಅಕ್ಯುಪಂಕ್ಚರ್ ಸೂಜಿಗಳನ್ನು ತೆಗೆದು ಸ್ಟೀಲ್ ತಟ್ಟೆಗೆ ಹಾಕುತ್ತಾ ಎಣಿಸುತ್ತಿದ್ದಾರೆ. ಚುಚ್ಚಿದ್ದು ಹನ್ನೊಂದು, ತೆಗೆದದ್ದು ಹತ್ತು. "ಅಲ್ಲಾಡ್ಬೇಡಿ." ಹನ್ನೊಂದನೆಯದು ಮೊಣಕಾಲ ಹಿಂದೆ ಸಿಗುತ್ತದೆ. "ಇದನ್ನ ಮನೆಗೆ ತಗೊಂಡ್ಹೋಗಿ ಏನ್ ಮಾಡ್ತಿದ್ರಿ? ಗುಂಡಿ ಹೊಲಿಯೋಕೂ ಬರಲ್ಲ."

ಆಮೇಲೆ ನೋವಿನ ಪುಸ್ತಕ. ಸೂಜಿಗೆ ಮೊದಲೊಮ್ಮೆ, ಆದಮೇಲೊಮ್ಮೆ, ತನ್ನ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ರೋಗಿಯೇ ಕೈಯಾರೆ ಬರೆಯಬೇಕು. ಮೂರಕ್ಕೆ ಇಳಿದವರಿಗೆ ವಾರಕ್ಕೊಂದೇ ಸರದಿ, ಉಳಿದವರಿಗೆ ಮೂರು. ಚಾಲಕ 'ಮೂರು' ಎಂದು ಬರೆಯುತ್ತಾನೆ. ಸೂಜಿಯಕ್ಕ ಅಂಕಿಯನ್ನೂ ಅವನ ಮುಖವನ್ನೂ ನೋಡುತ್ತಾರೆ.

"ಹಾಗಾದ್ರೆ ಬೂಟಿನ ಲೇಸು ನೀವೇ ಕಟ್ಕೊಳ್ಳಿ ಅಣ್ಣ, ನೋಡೋಣ."

ಅರ್ಧ ಬಗ್ಗಿದವನು ಹಲ್ಲು ಕಚ್ಚಿ ಅಲ್ಲೇ ನಿಂತುಬಿಡುತ್ತಾನೆ. "ಬೆಂಚಲ್ಲಿ ಎಲ್ರೂ ಮಾತಾಡ್ಕೊಂಡಿದೀವಿ ಅಕ್ಕ. ಸೂಜಿ ಆದ್ಮೇಲೆ ಯಾರೂ ನಾಲ್ಕರ ಮೇಲೆ ಬರೀಬಾರ್ದು ಅಂತ. ಟೀಚರಮ್ಮನ ಆರ್ಡರು."

ಹಾಗೆ ಆರ್ಡರು ಹೊರಡಲು ಕಾರಣ ಆಸ್ಪತ್ರೆಯ ಮುಖ್ಯಸ್ಥರ ಪತ್ರ. ಮೂರು ತಿಂಗಳಲ್ಲಿ ರೋಗಿಗಳ ನೋವು ಸರಾಸರಿ ಮೂರು ಅಂಕ ಇಳಿಯದಿದ್ದರೆ ಈ ಕೋಣೆ ಮುರಿದ ಗಾಲಿಕುರ್ಚಿಗಳ ಉಗ್ರಾಣವಾಗುತ್ತದೆ. ಗಡುವು ಇವತ್ತೇ, ಹನ್ನೊಂದು ಗಂಟೆಗೆ.

ಸೂಜಿಯಕ್ಕನಿಗೀಗ ಐವತ್ತೆರಡು. ಅದೇ ಗೋಡೆಯಾಚೆ ಹದಿನೇಳು ವರ್ಷ ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿದವರು. ಮೂವತ್ತೈದಕ್ಕೆ ಬಲಭುಜ ಕೈಕೊಟ್ಟಿತು, ಮಾತ್ರೆ ನುಂಗಿ ಹೊಟ್ಟೆಯೂ ಕೆಟ್ಟಿತು. ಕೊನೆಗೆ ಈ ಕೋಣೆಯಲ್ಲಿದ್ದ ಹಿರಿಯ ವೈದ್ಯರ ಸೂಜಿಗೆ ಭುಜ ಒಡ್ಡಿದರು. ನಾಲ್ಕು ತಿಂಗಳಲ್ಲಿ ಎಂಟು ನಾಲ್ಕಾಯಿತು.

"ಇವತ್ತಿಗೂ ನಾಲ್ಕೇ. ಸೊನ್ನೆಗೆ ಯಾವತ್ತೂ ಇಳಿದಿಲ್ಲ," ಎನ್ನುತ್ತಾರೆ. "ಆದ್ರೆ ನಾಲ್ಕಕ್ಕೆ ಇಳಿದ್ಮೇಲೆ ಮಗಳಿಗೆ ನಾನು ತಲೆ ಬಾಚ್ತಿದ್ದೆ. ಎಂಟಿದ್ದಾಗ ಅವಳೇ ನನಗೆ ಬಾಚ್ತಿದ್ಲು."

ಮೂರು ವರ್ಷ ಸೂಜಿ ಚಿಕಿತ್ಸೆಯ ಸಂಜೆ ತರಗತಿಗೆ ಹೋಗಿ ನಲವತ್ತೊಂದಕ್ಕೆ ಪರೀಕ್ಷೆ ಪಾಸು ಮಾಡಿದರು. "ಮದುವೆ ಆದಾಗಿಂದ ಮಾತಲ್ಲೇ ಚುಚ್ತಿದ್ಲು, ಈಗ ಸರ್ಟಿಫಿಕೇಟ್ ಬಂತು ಅಷ್ಟೇ," ಎನ್ನುತ್ತಾರೆ ಬಸ್ ಮೆಕ್ಯಾನಿಕ್ ಆಗಿರುವ ಗಂಡ. ಹಿರಿಯ ವೈದ್ಯರು ನಿವೃತ್ತರಾದ ಮೇಲೆ ಕೋಣೆಯ ಹೊಣೆಯೆಲ್ಲ ಇವರದೇ. ದಿನಕ್ಕೆ ನಲವತ್ತು ಜನ, ನಾನೂರಕ್ಕೂ ಹೆಚ್ಚು ಸೂಜಿ. ಕಾಲು ಜೋಮು ಹಿಡಿಯುತ್ತದೆ ಎಂದವರಿಗೆ ಚುಚ್ಚುವುದೇ ಇಲ್ಲ, ನೇರ ಮಹಡಿಯ ಮೇಲಿನ ವೈದ್ಯರ ಬಳಿಗೆ. 'ನೋವಿನಿಂದ ಶಾಶ್ವತ ಮುಕ್ತಿ' ಎಂಬ ಬೋರ್ಡು ಬಾಗಿಲಿಗೆ ಬಂದಾಗ ಮೊಳೆ ಕಿತ್ತು ವಾಪಸ್ ಕಳಿಸಿದ್ದರು. "ಕೆಲವರಿಗೆ ಹಗುರಾಗತ್ತೆ, ಕೆಲವರಿಗೆ ಏನೂ ಆಗಲ್ಲ. ಅದನ್ನ ಮೊದಲೇ ಹೇಳ್ತೀನಿ. ಬೇಡ ಅನ್ನೋರು ಹೋಗ್ಬಹುದು."

ಚಾಲಕನನ್ನು ಕಳಿಸಿ ಅವರು ಹೊರಗಿನ ಬೆಂಚಿಗೆ ಬರುತ್ತಾರೆ. ಮಧ್ಯದಲ್ಲಿ ಮೊಣಕಾಲು ನೀಡಿಕೊಂಡು ನಿವೃತ್ತ ಟೀಚರಮ್ಮ ಕೂತಿದ್ದಾರೆ.

"ಕೋಣೇನೇ ಹೋದ್ರೆ ನಿನ್ನ ಸತ್ಯ ತಗೊಂಡು ಎಲ್ಲಿ ಚುಚ್ತೀಯಮ್ಮ?"

"ನಿಮ್ಮ ಮೂರು ನಂಬಿ ನಿಮ್ಮ ಸರದಿ ಕಮ್ಮಿ ಮಾಡಿದೀನಿ ಟೀಚರ್. ಹದಿನೈದು ದಿನದಿಂದ ಸುಮ್ನೆ ನೋವು ತಿಂತಿದೀರಿ. ಯಾರಿಗೆ ಉಪಕಾರ ಆಯ್ತು?"

ಸೂಜಿಯಕ್ಕ ಆ ಹದಿನೈದು ದಿನಗಳ ಪುಟಗಳಿಗೆ ಕೆಂಪು ಗೀಟೆಳೆದು ಪಕ್ಕದಲ್ಲಿ ಬರೆಯುತ್ತಾರೆ: 'ಈ ಅಂಕಿಗಳನ್ನು ನಂಬಬೇಡಿ.'

ಮುಖ್ಯಸ್ಥರು ಕೆಟ್ಟವರೇನಲ್ಲ. ಹನ್ನೊಂದಕ್ಕೆ ಮೇಲಿನ ಮಹಡಿಯ ತಮ್ಮ ಕೋಣೆಯಲ್ಲಿ ಪುಟ ತಿರುವಿ, ಕ್ಯಾಲ್ಕುಲೇಟರ್ ಒತ್ತಿ, ಕನ್ನಡಕ ತೆಗೆದಿಡುತ್ತಾರೆ. ಗೀಟು ಹಾಕಿದ್ದನ್ನೂ ಸೇರಿಸಿದರೆ ಇಳಿತ ಮೂರು, ಬಿಟ್ಟರೆ ಎರಡು.

"ಈ ಗೀಟಿಲ್ದೆ ಬೇರೆ ಪುಸ್ತಕಕ್ಕೆ ಇಳಿಸ್ಕೊಂಡು ಬನ್ನಿ. ಇವತ್ತೇ ಸಹಿ ಮಾಡ್ತೀನಿ."

"ಎರಡು ಸಣ್ಣದಲ್ಲ ಸಾರ್. ಎಂಟು ಆರಾದ್ರೆ ಒಬ್ಬ ಮನುಷ್ಯನಿಗೆ ನಿದ್ದೆ ಬರತ್ತೆ. ಅದು ಸಾಲದು ಅಂದ್ರೆ ಬೀಗ ಹಾಕಿ. ಸುಳ್ಳು ಬರೆಸಿ ಕೋಣೆ ಉಳಿಸ್ಕೊಂಡ್ರೆ ನಾಳೆ ಯಾರ ಮಾತು ನಂಬಿ ಚುಚ್ಚಲಿ?"

ಸಹಿ ಬೀಳುವುದಿಲ್ಲ. ಪುಸ್ತಕ ಮೇಜಿನ ಮೇಲೇ ಉಳಿಯುತ್ತದೆ, ತೀರ್ಮಾನ ಮುಂದಿನ ವಾರ.

ಕೆಳಗೆ ಬಂದವರು ಹೊಸ ನೋಟ್‌ಬುಕ್ ತೆಗೆದು ಗೀಟು ಹಾಕಲು ಕೂರುತ್ತಾರೆ. ಮೊದಲು, ಆಮೇಲೆ, ಈ ಸಲ ಮೂರನೆಯ ಕಾಲಮ್ಮೂ ಒಂದು. "ಮೊನ್ನೆ ಮಾಡೋಕಾಗದೇ ಇದ್ದಿದ್ದು ಇವತ್ತು ಏನು ಮಾಡಿದ್ರಿ ಅಂತ. ಸಾಹೇಬ್ರು ಅದನ್ನೂ ಒಂದ್ಸಲ ಓದ್ಲಿ, ನನಗೆ ಅಷ್ಟೇ ಆಸೆ."

ಮಧ್ಯಾಹ್ನ ಟೀಚರಮ್ಮ ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಒಳಬರುತ್ತಾರೆ. ಪೆನ್ನು ಕಿತ್ತುಕೊಂಡು ಮೊದಲ ಕಾಲಮ್ಮಿನಲ್ಲಿ ದಪ್ಪಕ್ಷರದಲ್ಲಿ ಎಂಟು ಎಂದು ಬರೆಯುತ್ತಾರೆ. ಮೂರನೆಯದರಲ್ಲಿ: ಮೆಟ್ಟಿಲು ಹತ್ತಿದೆ, ಮೂವತ್ತಾರು.

"ಮೆಟ್ಟಿಲು ಹತ್ತಿ ಅಂತ ಯಾರು ಅಂದ್ರು ನಿಮಗೆ?"

"ಸುಳ್ಳು ಬರೆಸಿದ್ದು ನಾನು, ನೀನಲ್ಲ ಅಂತ ಸಾಹೇಬ್ರಿಗೆ ಹೇಳ್ಬೇಕಿತ್ತು. ಹೇಳಿ ಬಂದೆ."

ಸೂಜಿಯಕ್ಕ ಎಂಟನ್ನೊಮ್ಮೆ, ಊದಿಕೊಂಡ ಮೊಣಕಾಲನ್ನೊಮ್ಮೆ ನೋಡುತ್ತಾರೆ. "ಇದು ನಿಜವಾದ ಎಂಟು," ಎನ್ನುತ್ತಾ ಹೊಸ ಪ್ಯಾಕೆಟ್ ಹರಿಯುತ್ತಾರೆ. "ಬನ್ನಿ, ಮಲಗಿ."