ಪಕ್ಕದ ಮನೆಯ ಹಸು

ಸೊರಬದ ಆ ಶಾಲೆಯಲ್ಲಿ ನಾನು ಸುಳ್ಳು ಹೇಳಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸುಳ್ಳೆಂದು ಗೊತ್ತಿದ್ದೇ ಹೇಳಿದೆನೋ, ಹೇಳಿದ ಮೇಲೆ ಗೊತ್ತಾಯಿತೋ ಎಂಬ ಅನುಮಾನವನ್ನು ಮಾತ್ರ ಇಷ್ಟು ವರ್ಷ ಇಟ್ಟುಕೊಂಡಿದ್ದೆ. 'ಇಟ್ಟುಕೊಂಡಿದ್ದೆ' ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಅದು ತಾನಾಗಿ ಬಂದದ್ದಲ್ಲ, ನನಗೆ ಅನುಕೂಲವಾಗಿತ್ತು.

ಐವತ್ತರ ದಶಕದ ಕೊನೆ. ರಾಜ್ಯ ಒಂದಾಗಿ ಎರಡು ವರ್ಷವೋ ಮೂರು ವರ್ಷವೋ ಆಗಿತ್ತು. ಎಂ.ಎ. ಮುಗಿಸಿ, ಕಾಲೇಜಿನಲ್ಲಿ ಕೆಲಸ ಸಿಗದೆ, ಬೆಂಗಳೂರಿನ ಒಂದು ಸಣ್ಣ ಮಂಡಳಿಗೆ ಸೇರಿದ್ದೆ. ಮಕ್ಕಳಿಗೆ ಬೇರೆ ಬೇರೆ ದೇಶಗಳ ಒಳ್ಳೆಯ ಸಿನಿಮಾ ತೋರಿಸುವುದು, ಸಿನಿಮಾ ನೋಡುವುದನ್ನು ಕಲಿಸುವುದು ಮಂಡಳಿಯ ಉದ್ದೇಶ. ವ್ಯಾನಿನಲ್ಲಿ ಯಂತ್ರ, ಪರದೆ, ಜನರೇಟರು, ರೀಲಿನ ಡಬ್ಬಿಗಳು. ಜೊತೆಗೆ ಇಬ್ಬರೇ ಜನ. ವ್ಯಾನು ಓಡಿಸುವವರೂ ಯಂತ್ರ ನಡೆಸುವವರೂ ಆಗಿದ್ದ ಆಪರೇಟರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಇನ್ನೊಬ್ಬ ನಾನು, ವಿವರಣೆಕಾರ. ಸಿನಿಮಾದ ಮಾತು ಮಕ್ಕಳಿಗೆ ತಿಳಿಯದ ಭಾಷೆಯಲ್ಲಿರುತ್ತಿತ್ತು. ಪರದೆಯ ಪಕ್ಕ ನಿಂತು, ಟೈಪು ಮಾಡಿದ ಸಾರಾಂಶದ ಹಾಳೆಯನ್ನು ಸ್ಟೂಲಿನ ಮೇಲಿಟ್ಟು, ಒಂದು ಕೈಯಲ್ಲಿ ಪುಟ್ಟ ಟಾರ್ಚು, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ನಾನು ಕನ್ನಡದಲ್ಲಿ ಕಥೆ ಹೇಳಬೇಕು. ನನ್ನ ದನಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ವರ್ಷ ಬೆಂಗಳೂರಿನಲ್ಲಿ ಮಕ್ಕಳ ಚಿತ್ರೋತ್ಸವ ನಡೆಯುವುದಿತ್ತು. ಬಹುಮಾನ ಯಾವ ಚಿತ್ರಕ್ಕೆ ಎಂದು ಮಕ್ಕಳೇ ತೀರ್ಮಾನಿಸಬೇಕು. ವ್ಯಾನು ಹೋದ ಪ್ರತಿ ತಾಲ್ಲೂಕಿನಿಂದ ಒಂದು ಮಗುವನ್ನು ನಾನು ಆರಿಸಿ ಹೆಸರು ಕಳಿಸಬೇಕು. ಶಾಲೆಗಳಿಗೆ ಹೋದ ಸೂಚನೆಯಲ್ಲಿ ಒಂದು ವಾಕ್ಯವಿತ್ತು: 'ಚೆನ್ನಾಗಿ ಓದುವ ಮಗುವಲ್ಲ, ಚೆನ್ನಾಗಿ ನೋಡುವ ಮಗು ಬೇಕು.' ಆ ವಾಕ್ಯ ಬರೆದವನು ನಾನೇ.

ಮೊದಲು ಶಿಕಾರಿಪುರ. ಅಲ್ಲಿ ಎಲ್ಲ ಸರಿಯಾಗಿಯೇ ಆಯಿತು. ಮಧ್ಯಾಹ್ನ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದ ಹಾಲಿನಲ್ಲಿ ನಾಲ್ಕು ರೀಲಿನ ಒಂದು ಚಿತ್ರ ತೋರಿಸಿದೆವು. ಹಿಮ ಬೀಳುವ ಯಾವುದೋ ಬೆಟ್ಟದ ಊರು. ಒಬ್ಬ ಅಜ್ಜ, ಮೊಮ್ಮಗಳು, ಅವರ ಒಂದೇ ಒಂದು ಹಸು. ಮೊದಲ ರೀಲಿನಲ್ಲಿ ಅಜ್ಜ ಹಸು ಕೊಂಡು ತರುತ್ತಾನೆ. ಎರಡರಲ್ಲಿ ಗಬ್ಬವಾದ ಹಸು ಹಿಮದಲ್ಲಿ ಕಳೆದುಹೋಗಿ, ಸಿಗುತ್ತದೆ. ಮೂರರಲ್ಲಿ ಕರು ಹಾಕುತ್ತದೆ. ನಾಲ್ಕರಲ್ಲಿ ತಾಯಿ, ಕರು ಎರಡೂ ಹುಲ್ಲುಗಾವಲಿಗೆ ಹತ್ತಿ ಹೋಗುತ್ತವೆ.

ಮುಗಿದ ಮೇಲೆ ರೀಲುಗಳನ್ನು ಹಿಂದಕ್ಕೆ ಸುತ್ತಿ ಆಯಾ ಸಂಖ್ಯೆಯ ಡಬ್ಬಿಗೆ ಹಾಕಬೇಕು. ಅದು ಆಪರೇಟರ ಕೆಲಸ. ಅವರು ನಿಧಾನ, ಪ್ರತಿ ರೀಲನ್ನೂ ಬಟ್ಟೆಯಿಂದ ಒರೆಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿ ಇಡುವವರು. ನನಗೋ ಬೆಳಕಿರುವಾಗಲೇ ತಾಳಗುಂದಕ್ಕೆ ಹೋಗಿ ಶಾಸನ ನೋಡುವ ಆತುರ. ಶಿಕಾರಿಪುರದ ಮೇಷ್ಟರೊಬ್ಬರ ಮುಂದೆ ಆ ಶಾಸನದ ಬಗ್ಗೆ ಏನೇನೋ ಹೇಳಿಬಿಟ್ಟಿದ್ದೆ. ಕಣ್ಣಿಂದ ನೋಡಿಯೇ ಇರಲಿಲ್ಲ.

"ಬಿಡ್ರೀ ಸ್ವಾಮಿ, ನಾ ಸುತ್ತಿ ಇಡ್ತೀನಿ," ಎಂದರು ಆಪರೇಟರು. "ಶಾಸನ ಏನ್ ಓಡಿ ಹೋಗ್ತೈತೇನ್ರೀ? ನಿಮ್ಮಜ್ಜನ ಮುತ್ತಜ್ಜ ಹುಟ್ಟೋಕಿಂತ ಮದ್ಲಿಂದ ಅಲ್ಲೇ ನಿಂತೈತಿ."

"ಎರಡು ಕೈಗಿಂತ ನಾಲ್ಕು ಕೈ ಬೇಗ ಆಗತ್ತೆ," ಎಂದು ನಾನೇ ರೀಲುಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ. ತಾಳಗುಂದ ನೋಡಿದೆವು. ಅಲ್ಲಿ ನೋಡಿದ್ದು ಏನೂ ನೆನಪಿಲ್ಲ.

ಮರುದಿನ ಸೊರಬ. ಮಾಧ್ಯಮಿಕ ಶಾಲೆಯ ಉದ್ದನೆಯ ಕೋಣೆ. ಕಿಟಕಿಗೆ ಊರವರು ಕೊಟ್ಟ ಕಂಬಳಿಗಳು. ಒಂದು ಕಡೆ ಹುಡುಗರು. ನನ್ನ ಸ್ಟೂಲಿನ ಬುಡದಲ್ಲಿ ರೀಲಿನ ಡಬ್ಬಿಗಳು, ಪಕ್ಕದಲ್ಲೇ ನೆಲದ ಮೇಲೆ ಹುಡುಗಿಯರು. ಒಳಗೆ ಜಾಗ ಸಾಲದೆ ಹೊರಗೆ ನಿಂತ ದೊಡ್ಡವರಿಗೆ ಕಥೆಯಾದರೂ ಕೇಳಲಿ ಎಂದು ಅಂಗಳದ ಹಲಸಿನ ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿದ್ದೆವು.

ಶುರುವಾಗುವ ಮೊದಲು ಆ ಶಾಲೆಯ ಟೀಚರು ಒಬ್ಬ ಹುಡುಗಿಯನ್ನು ತೋರಿಸಿದ್ದರು. ಜಡೆ ಎಂಬ ಊರಿನ ಕಡೆಯ ರೈತರ ಮಗಳು, ಸೊರಬದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. "ಈ ವರ್ಷಕ್ಕೆ ಓದು ಸಾಕು ಅಂತಿದಾರೆ ಸಾರ್ ಅವರಪ್ಪ," ಎಂದಿದ್ದರು. "ಇವಳೇನಾದ್ರೂ ಬೆಂಗಳೂರಿಗೆ ಆರಿಸಿ ಬಂದ್ರೆ, ಅವರ ಹತ್ರ ಮಾತಾಡೋಕೆ ನನಗೊಂದು ಬಾಯಿ ಬರ್ತದೆ. ಶಿಫಾರಸು ಅಲ್ಲ ಸಾರ್. ನೀವೇ ನೋಡಿ."

ಮೊದಲ ರೀಲು ಮುಗಿಯಿತು. ಎರಡು ಎಂದು ಬರೆದಿದ್ದ ಡಬ್ಬಿಯ ರೀಲು ಯಂತ್ರಕ್ಕೆ ಏರಿತು. ಪರದೆಯ ಮೇಲೆ ಕೊಟ್ಟಿಗೆ, ಹಸು, ಅದು ನೆಕ್ಕುತ್ತಿರುವ ಆಗತಾನೇ ಹುಟ್ಟಿದ ಕರು. ನನ್ನ ಹಾಳೆಯ ಪ್ರಕಾರ ಹಸು ಆಗ ಹಿಮದಲ್ಲಿ ಕಳೆದುಹೋಗಬೇಕಿತ್ತು. ಕೋಣೆಯ ತುಂಬ ಮಕ್ಕಳು, ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು. ನಾನು ಸುಮ್ಮನಿದ್ದದ್ದು ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಮೈಕಿನಲ್ಲಿ ನನ್ನ ಒಳ್ಳೆಯ ದನಿ ಹೊರಟಿತು: "ಮಕ್ಕಳೇ, ಇದು ಪಕ್ಕದ ಮನೆಯ ಹಸು. ಪಕ್ಕದ ಮನೆಯವರ ಭಾಗ್ಯವನ್ನು ಕಂಡು ಅಜ್ಜನಿಗೆ ತನ್ನ ಹಸುವಿನ ಚಿಂತೆ ಹೆಚ್ಚಾಯಿತು."

ನಿಲ್ಲಿಸಿ, ಡಬ್ಬಿ ಅದಲುಬದಲಾಗಿದೆ, ಸ್ವಲ್ಪ ತಾಳಿ ಎಂದಿದ್ದರೆ ಐದು ನಿಮಿಷದ ಕೆಲಸ. ಮಕ್ಕಳು ಕೇಕೆ ಹಾಕುತ್ತಿದ್ದರು, ಅಷ್ಟೇ. ಆದರೆ ಹಿಂದಿನ ದಿನ ಡಬ್ಬಿ ತುಂಬಿದವನು ನಾನು.

ಮೂರನೆಯ ಡಬ್ಬಿಯಿಂದ ಗಬ್ಬದ ಹಸು ಬಂತು, ಹಿಮ ಬಂತು. ನಾನು ಹೊಲಿಗೆ ಹಾಕುತ್ತಾ ಹೋದೆ. ನಾಲ್ಕನೆಯದರಲ್ಲಿ ಹಸುವಿನ ಜೊತೆ ಕರು ಗುಡ್ಡ ಹತ್ತಿದಾಗ, "ಕೆಲವು ದಿನಗಳ ನಂತರ," ಎಂದೆ. ಕಂಬಳಿ ತೆಗೆದರು. ಬೆಳಕು ಬಂತು. ರೂಢಿಯಂತೆ, "ಯಾರಿಗಾದರೂ ಏನಾದರೂ ಅನುಮಾನ ಇದೆಯೇ?" ಎಂದು ಕೇಳಿದೆ. ಕೇಳದೆ ಬಿಡಬಹುದಿತ್ತು. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಟೀಚರು ತೋರಿಸಿದ್ದ ಹುಡುಗಿ ಎದ್ದು ನಿಂತಳು.

"ಸಾರ್, ಅದು ಪಕ್ಕದ ಮನೆ ಹಸ ಅಲ್ಲ. ಅದೇ ಹಸ."

"ಹೇಗೆ ಹೇಳ್ತೀಯಮ್ಮ?"

"ಎಡಗಡೆ ಕೋಡು ಮೊಂಡು, ಸಾರ್. ಅದ್ರದ್ದೂ ಮೊಂಡು, ಇದ್ರದ್ದೂ ಮೊಂಡು."

"ಒಂದೇ ಊರಲ್ಲಿ ಎರಡು ಹಸುವಿನ ಕೋಡು ಮುರಿಯಬಾರದು ಅಂತ ಕಾನೂನು ಇದೆಯಾ?"

ಹುಡುಗರು ನಕ್ಕರು. ಅವಳು ನಗು ಮುಗಿಯುವವರೆಗೆ ಕಾದಳು.

"ಮುರೀಬೋದು ಸಾರ್. ಆದ್ರೆ ಕರ ಹಾಕಿದ್ಮೇಲೆ ಅದು ಮತ್ತೆ ಗಬ್ಬ ಐತಲ್ಲ? ಆವಾಗ ಕರ ಎಲ್ಲಿ ಹೋತು? ಕೆಚ್ಚಲೂ ಇಳಿದಿರ್ಲಿಲ್ಲ. ಹಿಂದಿಂದು ಮುಂದೆ, ಮುಂದಿಂದು ಹಿಂದೆ ಬಂದೈತೆ ಸಾರ್."

ಗಬ್ಬ, ಕೆಚ್ಚಲು ಅವಳ ಮನೆಯಲ್ಲಿ ದಿನಬೆಳಗಾದರೆ ಆಡುವ ಮಾತು. ಶಾಲೆಯ ಕೋಣೆಯಲ್ಲಿ, ಹುಡುಗರ ಮುಂದೆ, ಹುಡುಗಿಯೊಬ್ಬಳ ಬಾಯಲ್ಲಿ ಬಂದದ್ದರಿಂದ ಕಿಸಿಕಿಸಿ ಶುರುವಾಯಿತು. "ಏ, ಕೂತ್ಕಳೆ ಸಾಕು," ಎಂದರು ಹೆಡ್‌ಮಾಸ್ಟರು. ಅಲ್ಲಿಗೆ ಮುಗಿಯಬಹುದಿತ್ತು. ನಾನು ಮೈಕನ್ನು ಬಾಯಿಯ ಹತ್ತಿರ ತಂದುಕೊಂಡೆ.

"ಈ ಹುಡುಗೀನ ಚಿತ್ರೋತ್ಸವಕ್ಕಲ್ಲ, ದನದ ಆಸ್ಪತ್ರೆಗೆ ಕಳಿಸಬೇಕು ಕಣ್ರೀ!"

ಕೋಣೆ ನಕ್ಕಿತು. ಒಂದು ಗಳಿಗೆ ತಡವಾಗಿ ಹೊರಗೆ ಹಲಸಿನ ಮರದ ಕೆಳಗೂ ನಗು ಎದ್ದಿತು. ಅಲ್ಲಿದ್ದವರಿಗೆ ಹುಡುಗಿ ಹೇಳಿದ್ದು ಕೇಳಿಸಿರಲೇ ಇಲ್ಲ. ಮೈಕಿದ್ದದ್ದು ನನ್ನ ಕೈಯಲ್ಲಿ. "ದನದ ಡಾಕ್ಟ್ರಮ್ಮ!" ಎಂದು ಯಾರೋ ಹುಡುಗ ಕೂಗಿದ. ಅವಳು ಅತ್ತಳೆಂದು ಬಹಳ ಕಾಲ ನನ್ನ ನೆನಪಿನಲ್ಲಿತ್ತು. ನಾನು ಮರುಗಲು ಒಂದು ಚಿತ್ರವಾದರೂ ಇರಲಿ ಎಂದು ಅದನ್ನು ಸೇರಿಸಿಕೊಂಡಿರಬೇಕು. ಅವಳು ಸುಮ್ಮನೆ ಕೂತಳು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಮಕ್ಕಳಿಗೆ ಹಾಳೆ ಹಂಚಿ, 'ಏನು ನೋಡಿದಿರಿ? ಬರೆಯಿರಿ' ಎಂದೆವು. ಒಬ್ಬ ಹುಡುಗ ದುಂಡಗೆ ಬರೆದಿದ್ದ: 'ಪಕ್ಕದ ಮನೆಯವರ ಭಾಗ್ಯವನ್ನು ಕಂಡು ಅಜ್ಜನಿಗೆ ತನ್ನ ಹಸುವಿನ ಚಿಂತೆ ಹೆಚ್ಚಾಯಿತು.' ಅಕ್ಷರ ಬಿಡದೆ ನನ್ನ ವಾಕ್ಯ. ಅವನನ್ನು ಆರಿಸಿದೆ.

ವ್ಯಾನಿಗೆ ಸಾಮಾನು ಏರಿಸುವಾಗ ಟೀಚರು ಬಂದರು.

"ಸಾರ್, ನಾನು ಸಿನಿಮಾ ಅಷ್ಟಾಗಿ ನೋಡಿದವಳಲ್ಲ. ಆದ್ರೆ ಆ ಮಗು ಹೇಳಿದ್ದು ನನಗೂ ಹೌದು ಅನ್ನಿಸ್ತು. ರೀಲು ಏನಾದ್ರೂ ಆಚೆ ಈಚೆ ಆಗಿತ್ತಾ?"

"ಹಾಗಲ್ಲ ಟೀಚರ್. ಹೊರದೇಶದ ನಿರ್ದೇಶಕರು ಕಾಲವನ್ನು ನೇರವಾಗಿ ತೋರಿಸೋದಿಲ್ಲ. ಅದೊಂದು ತಂತ್ರ."

"ಹಂಗಾದ್ರೆ ಪಕ್ಕದ ಮನೆ ಹಸು ಅಂದ್ರಲ್ಲ ಸಾರ್?"

ನಾನು ಗಡಿಯಾರ ನೋಡಿಕೊಂಡೆ.

"ನೀವು ಓದಿದವರು," ಎಂದರು ಅವರು. ಗೌರವಕ್ಕೆ ಅಂದರೋ ಚುಚ್ಚಿದರೋ, ಆಗಲೂ ತಿಳಿಯಲಿಲ್ಲ, ಈಗಲೂ ಇಲ್ಲ.

ವ್ಯಾನು ಓಡಿಸುತ್ತಾ ಆಪರೇಟರು ಶಿರಾಳಕೊಪ್ಪ ದಾಟಿದರು. ಆಮೇಲೆ ರಸ್ತೆಯ ಮೇಲೇ ಕಣ್ಣಿಟ್ಟು, "ಎರಡರ ಡಬ್ಯಾಗ ಮೂರಿತ್ರೀ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಯಂತ್ರ ನಿಲ್ಲಿಸ್ಲೇನು ಅಂತ ನಿಮ್ ಮುಖಾ ನೋಡ್ದೆ. ನೀವು ಮಾತಾಡ್ತಾನೇ ಇದ್ರಿ."

ಇಲ್ಲಿಂದ ಮುಂದಿನದನ್ನು ನಾನು ಹೇಳಿಕೊಂಡು ಬಂದ ಬಗೆ ಹೀಗೆ: ಆಪರೇಟರು ಹೇಳಿದ ಮೇಲೆಯೇ ನನಗೆ ತಪ್ಪು ಗೊತ್ತಾಯಿತು, ಮನಸ್ಸು ಕಲಕಿತು, ಶಿಕಾರಿಪುರದ ಅಂಚೆ ಕಚೇರಿಯ ಜಗಲಿಯಲ್ಲಿ ಕೂತು, ಬೆಂಗಳೂರಿಗೆ ಕಳಿಸುವ ಪತ್ರದಲ್ಲಿ ಹುಡುಗನ ಹೆಸರು ಹೊಡೆದು ಹುಡುಗಿಯ ಹೆಸರು ಬರೆದೆ, ಮಂಡಳಿಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹುಡುಗನನ್ನೇ ಕರೆಸಿದರು. ಮುಂದೆ ಇದೇ ಕ್ಷೇತ್ರದಲ್ಲಿ ನನಗೆ ಹೆಸರು ಬಂತು. ಮಕ್ಕಳಿಗೆ ಸಿನಿಮಾ ಕಲಿಸುವುದು ಹೇಗೆ ಎಂದು ಊರೂರಿನ ಶಿಕ್ಷಕರಿಗೆ ಪಾಠ ಹೇಳಿದೆ. ಅಲ್ಲೆಲ್ಲ ಈ ಕಥೆ ಹೇಳುತ್ತಿದ್ದೆ. 'ಮಗುವಿನ ಕಣ್ಣನ್ನು ನಂಬಿ' ಎಂದು ಮುಗಿಸುತ್ತಿದ್ದೆ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೈಕಿನಲ್ಲಿ ಅಂದ ದನದ ಆಸ್ಪತ್ರೆಯ ಮಾತನ್ನು ಮಾತ್ರ ಎಲ್ಲೂ ಹೇಳಲಿಲ್ಲ.

ಉತ್ಸವಕ್ಕೆ ಆ ಹುಡುಗ ಬಂದಿದ್ದ. ಪಾಪ, ಒಳ್ಳೆಯ ಹುಡುಗ. ಒಂದೊಂದು ಚಿತ್ರ ಮುಗಿದಾಗಲೂ ಮತ ಹಾಕುವ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದು ಕೇಳುತ್ತಿದ್ದ: "ಸಾರ್, ಇದು ಚೆನ್ನಾಗೈತಾ?"

ಕಳೆದ ವರ್ಷ ಮನೆಯಲ್ಲಿ ಹಳೆಯ ಕಾಗದ ವಿಲೇವಾರಿ ಮಾಡುತ್ತಿದ್ದಾಗ ಆ ಪ್ರವಾಸದ ಫೈಲು ಸಿಕ್ಕಿತು. ಬೆಂಗಳೂರಿಗೆ ಕಳಿಸಿದ ಪತ್ರದ ಕಾರ್ಬನ್ ಪ್ರತಿ ಅದರಲ್ಲಿತ್ತು. ಕಾರ್ಬನ್ ಇಟ್ಟು ಬರೆದದ್ದು ಆ ಅಂಚೆ ಕಚೇರಿಯ ಜಗಲಿಯಲ್ಲೇ. ಮೇಲೆ ಊರಿನ ಹೆಸರು 'ಶಿಕಾರಿಪುರ' ಎಂದೇ ಇದೆ. ಹೊಡೆದ ಗುರುತು ಒಂದೂ ಇಲ್ಲ. ಹುಡುಗನ ಹೆಸರು ಸ್ಪಷ್ಟವಾಗಿದೆ. ಷರಾ ಎಂಬಲ್ಲಿ ನನ್ನ ಅಂದವಾದ ಅಕ್ಷರ: 'ಶಾಲೆಯವರು ಸೂಚಿಸಿದ ಬಾಲಕಿಗೆ ಚಿತ್ರಕಥೆಯನ್ನು ಅನುಸರಿಸುವ ಶಕ್ತಿ ಸಾಲದು.'

ಈ ಷರಾ ಬರೆಯಲು ಯಾರೂ ಕೇಳಿರಲಿಲ್ಲ. ಹುಡುಗನ ಹೆಸರು ಮಾತ್ರ ಕಳಿಸಿದ್ದರೂ ಸಾಕಿತ್ತು.

ಅದರ ಹಿಂದೆ, ತುಕ್ಕು ಹಿಡಿದ ಗುಂಡುಪಿನ್ನಿನಲ್ಲಿ ಸಿಕ್ಕಿಕೊಂಡು, ಅವಳ ಹಾಳೆ ಇತ್ತು. ಅದನ್ನು ಏಕೆ ಹರಿಯಲಿಲ್ಲವೋ ಗೊತ್ತಿಲ್ಲ. ಪೆನ್ಸಿಲಿನ ಅಕ್ಷರ ಮಾಸಿದೆ. ಕಿಟಕಿಯ ಬಳಿ ಹೋಗಿ ಓದಿದೆ:

'ಚಿತ್ರ ಚೆನ್ನಾಗಿತ್ತು. ಹಸು ಒಂದೇ. ಕರು ಬಂದ ಕೂಡಲೇ ಸಾರ್ ಟಾರ್ಚಿನಿಂದ ಕಾಗದ ನೋಡಿದರು. ಆಮೇಲೆ ಟಾರ್ಚಿನಿಂದ ಡಬ್ಬಿ ನೋಡಿದರು. ಆಮೇಲೆ ಯಂತ್ರದವರನ್ನು ನೋಡಿದರು. ಆಮೇಲೆ ಪಕ್ಕದ ಮನೆಯ ಹಸು ಎಂದರು.'

ಕೆಳಗೆ ಕೆಂಪು ಪೆನ್ಸಿಲಿನಲ್ಲಿ, ನನ್ನದೇ ಕೈಬರಹ: 'ಅಪ್ರಸ್ತುತ.'

ಅಂದರೆ ಅದನ್ನು ಅಂದೇ ಓದಿದ್ದೆ. ಯಾವಾಗ ಗೊತ್ತಾಯಿತು ಎಂಬ ನನ್ನ ಅನುಮಾನಕ್ಕೆ ಉತ್ತರ ನನ್ನ ಫೈಲಿನಲ್ಲೇ ಇತ್ತು, ಅದನ್ನು ಅಪ್ರಸ್ತುತ ಎಂದವನೂ ನಾನೇ. ಪರದೆ ನೋಡಲು ಬಂದ ಅಷ್ಟು ಮಕ್ಕಳಲ್ಲಿ ಅವಳೊಬ್ಬಳು ಪರದೆಯನ್ನೂ ನೋಡಿದ್ದಳು, ಪರದೆಯ ಪಕ್ಕದಲ್ಲಿದ್ದವನನ್ನೂ ನೋಡಿದ್ದಳು. ಸೂಚನೆಯಲ್ಲಿ ನಾನು ಬರೆದ ಮಗು ಅವಳೇ.

ಅವಳ ತಂದೆ ಇನ್ನೊಂದು ವರ್ಷ ಓದಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಟೀಚರಿಗೆ ಒಂದು ಕಾರ್ಡು ಬರೆದಿದ್ದರೆ ತಿಳಿಯುತ್ತಿತ್ತು. ಬರೆಯಲಿಲ್ಲ. ಆಮೇಲೆ ಎರಡು ಸಲ ಸೊರಬದ ಮೇಲೆ ಹಾದು ಹೋದಾಗಲೂ ಬಸ್ಸಿನಿಂದ ಇಳಿಯಲಿಲ್ಲ. ಟೀಚರು ಈಗ ಇರಲಾರರು. ಆ ಹುಡುಗಿ ಇದ್ದರೆ ಮೊಮ್ಮಕ್ಕಳನ್ನು ಕಂಡಿರುವ ವಯಸ್ಸು. ಇದು ಅವಳ ಕಣ್ಣಿಗೆ ಬಿದ್ದೀತೆಂಬ ನಂಬಿಕೆಯಿಂದ ಬರೆಯುತ್ತಿಲ್ಲ.

ಮೈಕಿನಲ್ಲಿ ಹೇಳಿದ್ದನ್ನು ಕಾಗದದಲ್ಲಾದರೂ ತಿದ್ದಬೇಕು. ಎರಡರ ಡಬ್ಬಿಗೆ ಮೂರನ್ನು ಹಾಕಿದವನು ನಾನು. ಅದು ಪಕ್ಕದ ಮನೆಯ ಹಸುವಲ್ಲ. ಅದೇ ಹಸು.